ಹಕಾರ ಬಿದ್ದುಹೋದ ಭಾನುವಾರ

ಬಂಗಾರಪೇಟೆ
ಬುಧವಾರ, ೧೨ ಮಾರ್ಚ್ ೨೦೨೫

ಲಿಖಿತಳ ಅಪ್ಪನಿಗೆ,

ಕ್ಷೇಮ ಸಮಾಚಾರ ಕೇಳುವ ಮನಸ್ಸು ನನಗಿಲ್ಲ. ನೀವು ಚೆನ್ನಾಗಿಯೇ ಇರುತ್ತೀರಿ. ಕಲ್ಲುಗುಂಡಿನಂಥ ಎದೆ ನಿಮ್ಮದು. ಫೋನಿದ್ದೂ ಇವಳು ಕಾಗದ ಯಾಕೆ ಬರೆದಳು ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ಹೇಳಿದ್ದಕ್ಕೆ ಏನಾಯಿತು ಎಂದು ಇಬ್ಬರೂ ನೋಡಿದ್ದೇವೆ. ಫೋನಿನಲ್ಲಿ ಅಕ್ಷರ ಬಿದ್ದುಹೋಗುತ್ತದೆ, ಕಾಗದದಲ್ಲಿ ಬೀಳುವುದಿಲ್ಲ. ಪಕ್ಕದ ಮನೆಯ ಸೆಲ್ವಿ ನಾಳೆ ಬೆಳಿಗ್ಗೆ ಮಾರಿಕುಪ್ಪಂ ರೈಲಿಗೆ ಬರುತ್ತಾಳೆ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಅತ್ತೆಗೂ ಓದಿ ಹೇಳಿ. ನಿಮಗೆ ಹಿಡಿಸದ್ದನ್ನು ಬಿಟ್ಟು ಓದಬೇಡಿ.

ಮೊದಲು ಮುಖ್ಯವಾದ ಮಾತು. ಈ ಭಾನುವಾರ ಲಿಖಿತಳನ್ನು ನಿಮ್ಮ ಮನೆಗೆ ಕಳಿಸುವುದಿಲ್ಲ. ಸ್ಟೇಷನ್ನಿಗೆ ಬಂದು ಕಾಯಬೇಡಿ. ಮುಂದಿನ ವಾರಗಳಲ್ಲೂ ಕಳಿಸುವುದಿಲ್ಲ. ನೀವು ಅವಳ ಅಪ್ಪ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಮಗುವಿಗೆ ಅಪ್ಪನಿಗಿಂತ ಮೊದಲು ಉಸಿರು ಬೇಕು.

ಮನೆ ಬಿಟ್ಟು ಹೋದವಳು ನೀನು ಎಂದು ಬಾಯಿ ತೆರೆಯುವ ಮೊದಲು, ಯಾಕೆ ಬಿಟ್ಟೆ ಎಂದು ನೆನಪು ಮಾಡಿಕೊಳ್ಳಿ. ಕೋರಮಂಡಲ್ ಆಚೆಯ ಆ ಮನೆಯ ಹಿತ್ತಲಿಗೇ ಸೈನೈಡ್ ದಿಬ್ಬ, ಚಿನ್ನ ತೆಗೆದು ಸುರಿದ ಮಣ್ಣಿನ ಗುಡ್ಡ. ಗಣಿ ಮುಚ್ಚಿ ಎಷ್ಟು ಕಾಲವಾದರೇನು, ಅದರ ಹಿಟ್ಟಿನಂಥ ಮಣ್ಣು ಗಾಳಿ ಬೀಸಿದಾಗಲೆಲ್ಲ ನಮ್ಮ ಮನೆಗೇ ನೆಂಟರ ಹಾಗೆ ಬರುತ್ತದೆ. ತಟ್ಟೆಯಲ್ಲಿ ದೂಳು, ಹಾಸಿಗೆಯಲ್ಲಿ ದೂಳು. ಎಂಟು ವರ್ಷದ ಹುಡುಗಿಯ ಎದೆ ಗೊರಗೊರ ಅನ್ನುವಾಗ ಬೇರೆ ಮನೆ ನೋಡೋಣ ಎಂದೆ. ಹಸುಗಳನ್ನು ಎಲ್ಲಿ ಕಟ್ಟುವುದು ಎಂದು ಕೇಳಿದಿರಿ. ಅಷ್ಟೇ ನಿಮ್ಮ ಉತ್ತರ. ನಾನು ಮಗಳನ್ನು ಎತ್ತಿಕೊಂಡು ಅಮ್ಮನ ಮನೆಗೆ ಬಂದೆ. ಇದರಲ್ಲಿ ನನ್ನ ಕೊಬ್ಬು ಎಲ್ಲಿ ಕಂಡಿತೋ ನಿಮ್ಮ ಬಳಗಕ್ಕೆ.

ಇಲ್ಲಿಯ ಡಾಕ್ಟರಮ್ಮ ಒಳ್ಳೆಯವರು. ಇನ್ಹೇಲರ್ ತಪ್ಪಿಸಬೇಡಿ, ದೂಳಿನ ಹತ್ತಿರ ಬಿಡಬೇಡಿ ಎಂದರು. ಜೊತೆಗೆ ದಿನಾ ಸಂಜೆ ಹಾಡಿಸಿ ಎಂದರು. ಉದ್ದಕ್ಕೆ ಉಸಿರು ಎಳೆದುಕೊಂಡು, ರಾಗವಾಗಿ, ನಿಧಾನವಾಗಿ. ಅದು ಮಗುವಿಗೆ ಮದ್ದು ಅನ್ನಿಸಬಾರದು, ಮನೆಯವರೆಲ್ಲ ಕೂತು ಹಾಡಿ, ನಗಾಡಿ, ಹೆದರಿಕೆ ಇಳಿದರೆ ಎದೆಯೂ ಹಗುರವಾಗುತ್ತದೆ ಎಂದರು. ಆಗ ನನಗೆ ಅತ್ತೆಯ ನೆನಪು ಬಂತು. ಪೈರು ನಾಟಿ ಮಾಡುವಾಗ ಅವರು ಎತ್ತುವ ತೆಲುಗು ಹಾಡುಗಳಲ್ಲಿ ಒಂದೊಂದು ಸಾಲು ಗದ್ದೆಯ ಈ ಬದುವಿನಿಂದ ಆ ಬದುವಿನ ತನಕ ಹೋಗುತ್ತದೆ. ಅಂಥ ಗಂಟಲು ಮನೆಯಲ್ಲಿರುವಾಗ ಇನ್ನೇನು ಬೇಕು ಎಂದುಕೊಂಡೆ. ಭಾನುವಾರ ಮಗಳು ಅಲ್ಲಿಗೆ ಬಂದಾಗಲೂ ಹಾಡು ತಪ್ಪಬಾರದು ಎಂದು, ಜಗಳ ಪಕ್ಕಕ್ಕಿಟ್ಟು ನಾನೇ ಫೋನ್ ಮಾಡಿದೆ.

ನಾನು ಅತ್ತೆಗೆ ಹೇಳಿದ್ದು ಇಷ್ಟು. “ಭಾನ್ವಾರ ಬಂದಾಗ ರಾಗವಾಗಿ ಆಡ್ಸಿ ಅತ್ತೆ, ಉಸ್ರು ಚೆನ್ನಾಗ್ ಎಳೀಬೇಕು, ಮನೆಯೋರೆಲ್ಲಾ ಸೇರ್ಕಂಡು ಆಡ್ಬೇಕು” ಅಂತ. ಹೌದು, ನನ್ನ ಬಾಯಲ್ಲಿ ಬಂದದ್ದು ಆಡ್ಸಿ ಎಂದೇ. ಬರೆದರೆ ಹಾಡು, ಬಾಯಿ ಬಿಟ್ಟರೆ ಆಡು. ನಮ್ಮ ಕಡೆ ಯಾರ ಬಾಯಲ್ಲಿದೆ ಹಕಾರ? ನಿಮ್ಮ ಬಾಯಲ್ಲಿದೆಯೇ? ಹಾಲಿನ ವ್ಯಾನು ತೆಗೆದುಕೊಂಡು ಬೆಳಗಾಗೆದ್ದು ಆಲು ಆಲು ಎಂದು ಊರೂರು ಸುತ್ತುವವರು ನೀವು. ಹಾಡುವುದೂ ಆಡೋದೇ, ಆಟವಾಡುವುದೂ ಆಡೋದೇ, ಇಷ್ಟು ದಿನ ಯಾರಿಗೂ ಏನೂ ಆಗಿರಲಿಲ್ಲ. ಆದರೆ ನಾನು ರಾಗವಾಗಿ ಎಂದಿದ್ದೆನಲ್ಲ. ಕುಂಟೆಬಿಲ್ಲೆಯನ್ನು ಯಾರಾದರೂ ರಾಗವಾಗಿ ಆಡುತ್ತಾರೆಯೇ?

ಅದಕ್ಕೂ ಅತ್ತೆ ಒಂದು ದಾರಿ ಹುಡುಕಿಕೊಂಡಿದ್ದರು. ಹೋದ ಭಾನುವಾರ ಆಸ್ಪತ್ರೆಯ ಬಾಗಿಲಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಾ ಹೇಳಿದರು. “ರಾಗಿ ಕುಡ್ಸಿ ಆಡ್ಸಿ ಅಂದಂಗೆ ಕೇಳ್ತು ಕಣಮ್ಮ, ಅದ್ಕೇ ಒಂದ್ ಲೋಟ ಅಂಬಲಿ ಕುಡ್ಸಿ ಕರ್ಕೊಂಡೋದ್ವಿ” ಅಂತ. ಆ ಹೊತ್ತಿನಲ್ಲೂ ನನಗೆ ನಗು ಬಂದುಬಿಟ್ಟಿತು. ಬಂದ ನಗುವಿಗೂ ನಿಮ್ಮ ಮೇಲೆಯೇ ಸಿಟ್ಟು ಬಂತು.

ಹೋಗಲಿ, ಆಡಿಸಿದಿರಿ. ಅಂಗಳದಲ್ಲಿ ಆಡಿಸಬಾರದಿತ್ತೇ? ಕಲ್ಲಾಟ, ಅಳಗುಳಿಮಣೆ, ಏನೂ ಇರಲಿಲ್ಲವೇ? ಮಗಳನ್ನು ದಿಬ್ಬಕ್ಕೇ ಕರೆದುಕೊಂಡು ಹೋದಿರಿ. ಬೂಸಾ ಚೀಲದ ಮೇಲೆ ಕೂರಿಸಿ ಮೇಲಿಂದ ಜಾರಿಸಿದಿರಿ. ಕೆಳಗೆ ಅತ್ತೆ ಸೀರೆ ಎತ್ತಿ ಕಟ್ಟಿ ಹಿಡಿಯಲು ನಿಂತಿದ್ದರಂತೆ, ಈ ವಯಸ್ಸಿನಲ್ಲಿ. ಉಸಿರು ಚೆನ್ನಾಗಿ ಎಳೆಯಬೇಕು ಎಂದು ನಾನು ಹೇಳಿದ್ದೆನಲ್ಲ, ಮಗು ಏದುಸಿರು ಬಿಟ್ಟಷ್ಟೂ ಒಳ್ಳೆಯದು ಎಂದು ಇನ್ನೊಂದು ಸಲ, ಇನ್ನೊಂದು ಸಲ ಎಂದು ಹತ್ತಿಸಿದಿರಿ. ಅವಳ ತುಟಿ ನೀಲಿಯಾದ ಮೇಲೆ ನಿಮಗೆ ಗೊತ್ತಾಯಿತು.

ಹಾಲಿನ ಕ್ಯಾನುಗಳ ನಡುವೆ ಮಲಗಿಸಿಕೊಂಡು ಆಸ್ಪತ್ರೆಗೆ ತಂದಿರಿ. ನಾನು ಆಟೋದಲ್ಲಿ ಬಂದು ಇಳಿದಾಗ ಮಗಳ ಮುಖಕ್ಕೆ ಮಾಸ್ಕ್ ಕಟ್ಟಿದ್ದರು, ಅದರೊಳಗೆ ಮದ್ದಿನ ಹೊಗೆ ಆಡುತ್ತಿತ್ತು. ಕೂದಲಿನಿಂದ ಕಾಲಿನ ತನಕ ಬಿಳಿ ಮಣ್ಣು. ಅಂಥ ಹೊತ್ತಿನಲ್ಲಿ ನೀವು ಅಂದ ಮಾತು ನೆನಪಿದೆಯೇ? “ನೀನೇ ತಾನೆ ಆಡ್ಸಿ ಅಂದೋಳು” ಅಂತ. ನರ್ಸ್ ಎದುರಿಗೆ, ಎಲ್ಲರ ಎದುರಿಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮಗೆ ಒಂದು ಸಲ ವಾಪಸ್ ಫೋನ್ ಮಾಡಿ ಕೇಳಲು ಏನು ದಾಡಿಯಾಗಿತ್ತು? ದಿಬ್ಬದ ದೂಳು ಬೇಡ ಎಂದು ನಾನು ಮನೆಯನ್ನೇ ಬಿಟ್ಟು ಬಂದಿರುವಾಗ, ಅದೇ ದಿಬ್ಬದ ಮೇಲೆ ಮಗಳನ್ನು ಆಡಿಸಿ ಎಂದು ನಾನೇ ಹೇಳುತ್ತೇನೆಯೇ? ಬುದ್ಧಿ ಇದ್ದವರು ಯೋಚನೆ ಮಾಡಬೇಕಾದ್ದು ಅದನ್ನು.

ನಿಜ ಹೇಳಿಬಿಡುತ್ತೇನೆ. ಇಷ್ಟು ಸಿಟ್ಟಿಗೂ ಒಳಗೆ ಇನ್ನೊಂದು ಸಿಟ್ಟಿದೆ.

ಮಾಸ್ಕ್ ತೆಗೆದ ತಕ್ಷಣ ನಿಮ್ಮ ಮಗಳು ನನಗೆ ಹೇಳಿದ್ದು ಎದೆ ನೋವಿನ ಮಾತಲ್ಲ. “ಅಮ್ಮ, ಅಪ್ಪ ಚೀಲದ ಮೇಲಿಂದ ಜಾರಿ ಬಿದ್ಬುಟ್ರು, ಎಂಗ್ ನಕ್ರು ಗೊತ್ತಾ” ಅಂತ. ಅಷ್ಟು ಸುಸ್ತಿನಲ್ಲೂ ಅವಳ ಕಣ್ಣು ಹೊಳೆಯುತ್ತಿತ್ತು. ನಾನು ಕೇಳುತ್ತೇನೆ, ನೀವು ನಗುವುದನ್ನು ನಾನು ಯಾವತ್ತು ನೋಡಿದ್ದೇನೆ? ನಾನು ಆ ಮನೆಯಲ್ಲಿ ಇದ್ದಷ್ಟು ವರ್ಷ ನೀವು ಬೆಳಿಗ್ಗೆ ವ್ಯಾನು, ಮಧ್ಯಾಹ್ನ ನಿದ್ದೆ, ಸಂಜೆ ಮತ್ತೆ ವ್ಯಾನು. ಮಗಳ ಜೊತೆ ಒಂದು ದಿನ ಅಂಗಳಕ್ಕೆ ಇಳಿದವರಲ್ಲ. ನಾನು ಬಿಟ್ಟುಬಂದ ಮೇಲೆ ನಿಮಗೆ ಆಟ ಬಂತು. ಅಮ್ಮ, ಮಗ, ಮೊಮ್ಮಗಳು ಮೂವರೂ ಬಿದ್ದು ಎದ್ದು ನಕ್ಕಿರಿ, ನಾನು ಇಲ್ಲಿ ಅವಳ ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದೆ. ನನಗೆ ಹೊಟ್ಟೆ ಉರಿಯಿತು. ಮಗಳು ಆಸ್ಪತ್ರೆಯಲ್ಲಿರುವಾಗ ಹೊಟ್ಟೆ ಉರಿದುಕೊಂಡವಳು ಎಂದು ಬೇಕಾದರೆ ಊರಿಗೆಲ್ಲ ಹೇಳಿ.

ನಿನ್ನೆ ಮತ್ತೆ ಡಾಕ್ಟರಮ್ಮನ ಹತ್ತಿರ ಹೋಗಿದ್ದೆವು. ಎದೆ ಈಗ ಪರವಾಗಿಲ್ಲ ಎಂದರು. ಮನೆಯಲ್ಲಿ ಯಾರು ಯಾರು ಹಾಡುತ್ತೀರಿ ಎಂದು ಮಗುವನ್ನೇ ಕೇಳಿದರು. “ನಾನೊಬ್ಳೇ ಆಡೋದು, ಅಮ್ಮ ಕೈ ಕಟ್ಕಂಡು ಮುಂದೆ ನಿಂತಿರ್ತಾಳೆ” ಅಂದಳು ಲಿಖಿತ, ನನ್ನ ಮಾನ ತೆಗೆಯಲಿಕ್ಕೇ ಎಂಬಂತೆ. ಡಾಕ್ಟರಮ್ಮ ನನ್ನ ಮುಖ ನೋಡಿ, ಇದು ಹಾಡಿಸುವುದಲ್ಲ, ಮೇಷ್ಟ್ರು ಮಗ್ಗಿ ಒಪ್ಪಿಸಿಕೊಳ್ಳುವ ಹಾಗಾಯಿತು ಎಂದರು. ಅವರ ಮೇಲೂ ಸಿಟ್ಟು ಬಂತು. ಮನೆಗೆ ಬಂದು ನೋಡಿದರೆ ಅವರು ಹೇಳಿದ್ದೇ ಸರಿ. ಸಂಜೆಯಾದರೆ ಮಗು ಗೋಡೆಗೆ ಒರಗಿ, ತಪ್ಪು ಮಾಡಿದವಳ ಹಾಗೆ ಹಾಡುತ್ತದೆ. ನನಗೆ ಹೆದರಿಕೆ, ಅವಳ ಉಸಿರು ಎಣಿಸುತ್ತಾ ನಿಂತಿರುತ್ತೇನೆ. ನನ್ನ ಹೆದರಿಕೆ ನೋಡಿ ಅವಳಿಗೂ ಹೆದರಿಕೆ. ಆ ಭಾನುವಾರದಿಂದ ಈಚೆಗೆ ಅವಳು ನಕ್ಕಿಲ್ಲ. ಅಪ್ಪ ಯಾವಾಗ ಬರ್ತಾರೆ ಎಂದೂ ಕೇಳುವುದಿಲ್ಲ, ಕೇಳಿದರೆ ನಾನು ಬೈಯುತ್ತೇನೆ ಎಂದು ಅವಳಿಗೆ ಗೊತ್ತು. ಇದು ನನಗೆ ತಡೆಯಲಾಗುತ್ತಿಲ್ಲ.

ಆದ್ದರಿಂದ ಹೇಳುತ್ತೇನೆ, ಕಿವಿಗೊಟ್ಟು ಕೇಳಿ. ನಾನು ಮಗಳನ್ನು ಅಲ್ಲಿಗೆ ಕಳಿಸುವುದಿಲ್ಲ ಎಂದೆ, ನೀವು ಇಲ್ಲಿಗೆ ಬರಬೇಡಿ ಎನ್ನಲಿಲ್ಲ. ಭಾನುವಾರ ಮಧ್ಯಾಹ್ನ ಬನ್ನಿ. ಅತ್ತೆಯನ್ನೂ ಕರೆತನ್ನಿ, ಅವರಿಲ್ಲದೆ ಬಂದರೆ ಬಾಗಿಲು ತೆಗೆಯುವುದಿಲ್ಲ. ಸಂಜೆಯ ಹಾಲು ಕರೆಯಲು ಪಕ್ಕದ ಮುನಿಗಂಗಮ್ಮನಿಗೆ ಹೇಳಿ ಬನ್ನಿ, ಹಸು ಹಸು ಎಂದು ಮಧ್ಯದಲ್ಲಿ ಎದ್ದು ಹೋಗಕೂಡದು. ಇಬ್ಬರೂ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು ಬನ್ನಿ, ಒಂದು ಚಿಟಿಕೆ ದೂಳು ಕಂಡರೂ ಹೊಸಲು ದಾಟಿಸುವುದಿಲ್ಲ. ಅತ್ತೆ ನಾಟಿ ಹಾಡು ಎತ್ತಲಿ. ನಾವೆಲ್ಲ ಸೊಲ್ಲು ಹಿಡಿಯೋಣ. ನಿಮಗೆ ಹಾಡಲು ಬರುವುದಿಲ್ಲ ಎಂದು ಗೊತ್ತು. ಬಾಯಿಗೆ ಬಂದಂತೆ ಕೂಗಿ, ಮಗು ನಗಬೇಕು ಅಷ್ಟೇ.

ಮನೆಯ ವಿಷಯ ಮಾತಾಡುವುದಿದೆ. ಆ ಜಗಳ ನಾನು ಬಿಟ್ಟಿಲ್ಲ. ಮಗು ಮಲಗಿದ ಮೇಲೆ ಆಡೋಣ.

ಸಿಟ್ಟು ಇಳಿಯದ,
ಶ್ಯಾಮಲ

ಮರೆತ ಮಾತು: ಅತ್ತೆಯ ಜೊತೆ ನಾನೂ ಹಾಡಬೇಕಂತೆ, ಡಾಕ್ಟರಮ್ಮ ಬಿಡಲಿಲ್ಲ. ಮದುವೆಯಾದಾಗಿನಿಂದ ನಿಮ್ಮ ಎದುರಿಗೆ ನಾನು ಬಾಯಿ ಬಿಟ್ಟು ಹಾಡಿದವಳಲ್ಲ, ನಾಚಿಕೆ. ಅದಕ್ಕೆ ನಿನ್ನೆಯಿಂದ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ನಾನು ಹಾಡುವಾಗ ನೀವು ನನ್ನ ಕಡೆ ನೋಡಕೂಡದು. ನೋಡಿದರೆ ನಿಲ್ಲಿಸಿಬಿಡುತ್ತೇನೆ.