ಆಯುಸ್ಸು ಕಟ್ಟಿದ ಗಾಳದ ಕೋಲು

ಗಂಗೊಳ್ಳಿ, ಏರುನೀರಿನ ಶಕೆ ೧೮೧,
ಎರಡನೆಯ ಶ್ರಾವಣದ ಮೂವತ್ತನಾಲ್ಕನೆಯ ದಿನ, ಬೆಳಗಿನ ಇಳಿತದ ಹೊತ್ತು

ವಾಮನ ಅಜ್ಜಯ್ಯನವರಿಗೆ ನಿಮ್ಮ ಆರನೆಯ ತಲೆಮಾರಿನ ಮೊಮ್ಮಗಳು ನೀಲವೇಣಿ ಮಾಡುವ ನಮಸ್ಕಾರಗಳು.

ಈ ಕಾಗದದಲ್ಲಿ ನಿಮಗೆ ಅರ್ಥವಾಗದ ಮಾತು ಕೆಲವು ಬಂದಾವು, ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀರಿನಿಂದ ಎತ್ತಿಟ್ಟ ಹಳೆಯ ಅಂಗಡಿ ಬೋರ್ಡುಗಳಿಂದ. ಅಕ್ಷರ ಸೊಟ್ಟಗಿದ್ದರೆ ಮಾತ್ರ ಕಾರಣ ಬೇರೆ. ಕೂತಲ್ಲಿ ಕೂರಲಾಗುತ್ತಿಲ್ಲ. ಎರಡು ಸಾಲು ಬರೆಯುವುದು, ಎದ್ದು ಹೋಗಿ ಅಳಿವೆಯ ನೀರು ಎಷ್ಟು ಇಳಿಯಿತೆಂದು ನೋಡುವುದು, ಮತ್ತೆ ಬಂದು ಕೂರುವುದು, ಇದೇ ಆಗಿದೆ.

ನೀವು ಈಗ ಕುಂದಾಪುರದ ಅಂಗಡಿಯೊಂದರಲ್ಲಿ ಹೊಸ ಗಾಳದ ಕೋಲು ಹಿಡಿದು ನಿಂತಿದ್ದೀರಿ. ಐಸ್ ಪ್ಲಾಂಟಿಗೆ ರಜೆಯಿರುವ ಭಾನುವಾರ ಮೀನು ಹಿಡಿಯುವುದು ನಿಮ್ಮ ಖಯಾಲಿ. ಕೋಲಿಗೆ ಲೈಫ್‌ಟೈಮ್ ವಾರಂಟಿ ಇದೆ, ಮೊದಲ ಒಡೆಯ ಬದುಕಿರುವಷ್ಟು ಕಾಲ ಎಂದು ಅಂಗಡಿಯವನು ಹೇಳಿದ್ದಾನೆ. ನಿಮ್ಮ ತಲೆ ಚುರುಕು. ಒಡೆಯನ ಹೆಸರು ಕೇಳಿದಾಗ ತೊಟ್ಟಿಲಲ್ಲಿರುವ ಮಗಳು ರೋಚನಾಳ ಹೆಸರು ಹೇಳಲಿದ್ದೀರಿ. 'ನಾನು ಬೇಗ ಹೋದರೂ ಕೂಸು ತೊಂಬತ್ತು ವರ್ಷ ಬಾಳೀತು' ಎಂಬುದು ನಿಮ್ಮ ಎಣಿಕೆ. ಸಂಜೆ ಚಾ ಅಂಗಡಿಯಲ್ಲಿ ಇದನ್ನು ಕೊಚ್ಚಿಕೊಳ್ಳುತ್ತೀರಿ. ಊರೆಲ್ಲ ಬೆನ್ನು ತಟ್ಟುತ್ತದೆ, ಊರೆಲ್ಲ ಕಲಿಯುತ್ತದೆ.

ಅದು ಎಲ್ಲಿಗೆ ಬಂದು ನಿಂತಿದೆ ಕೇಳಿ. ನಮ್ಮಲ್ಲಿ ಹೆಸರಿಡುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಕೂಗಿದ ಮೇಲೆ 'ಆಯುಸ್ಸು ಕಟ್ಟುವ' ಶಾಸ್ತ್ರವಿದೆ. ಗಾಳದ ಕೋಲು, ಕೇರಂ ಬೋರ್ಡು, ಕ್ಯಾಮೆರಾ, ತಬಲಾ, ಖಯಾಲಿಗೆಂದು ಕೊಂಡ ಹೊಸ ಸಾಮಾನೆಲ್ಲ ಜಗಲಿಯಲ್ಲಿ ಸಾಲಾಗಿ ಇಟ್ಟು ಕೂಸಿನ ಹೆಸರಿಗೆ ಬರೆಯುತ್ತಾರೆ. ಆಮೇಲೆ ಅದರ ಕೈಗೆ ನಾಡಿಬಿಲ್ಲೆ ಕಟ್ಟುತ್ತಾರೆ. ನಾಡಿಬಿಲ್ಲೆಯೆಂದರೆ ಒಡೆಯ ಬದುಕಿದ್ದಾನೆಂದು ಕಂಪನಿಗೆ ತಿಳಿಸುತ್ತಲೇ ಇರುವ ಪುಟ್ಟ ಯಂತ್ರ. ಎದೆ ಜೋರಾಗಿ ಬಡಿದರೆ ಅದು ಕೂಗುತ್ತದೆ. ಆ ಹೆಸರಿಗೆ ಸಾಮಾನು ಬರೆಸಿದವರ ಮನೆಗಳಲ್ಲೆಲ್ಲ ಗಂಟೆ ಹೊಡೆಯುತ್ತದೆ. ನಾನು ಹುಟ್ಟುವಾಗಲೇ ಗುಂಡುಗುಂಡಾಗಿದ್ದೆನಂತೆ. ಗಟ್ಟಿ ಕೂಸು ಎಂದು ಕೇರಿಗೆ ಕೇರಿಯೇ ತನ್ನ ಸಾಮಾನನ್ನು ನನ್ನ ತಲೆಗೆ ಕಟ್ಟಿತು.

ಈಜು ಕಲಿಸಲಿಲ್ಲ, ದೋಣಿ ಹತ್ತಿಸಲಿಲ್ಲ. ಪಕ್ಕದ ಮನೆಯ ಪದ್ದಕ್ಕನಂತೂ ನನ್ನನ್ನು ಕಂಡಲ್ಲೆಲ್ಲ, "ಹೆಣೆ, ತೆಂಗಿನ್ ಮರದ್ ಅಡಿಗ್ ನಿಲ್ಬೇಡ, ಕಾಯ್ ಬಿದ್ರೆ ನಮ್ ಕ್ಯಾಮೆರಾದ್ ಗತಿ ಎಂತ?" ಎನ್ನುತ್ತಿದ್ದಳು. ಅದನ್ನು ನಾನು ಪ್ರೀತಿಯೆಂದೇ ತಿಳಿದಿದ್ದೆ. ಒಂದು ಮಳೆಗಾಲ ನನಗೆ ವಿಷಮಜ್ವರ ಬಂತು. ಕಿಟಕಿಯಿಂದ ನೋಡಿದರೆ ರಿಪೇರಿ ಅಂಗಡಿಯ ಮುಂದೆ ನೂಕುನುಗ್ಗಲು. ಇವಳು ಹೋಗುವುದರೊಳಗೆ ಮಾಡಿಸಿಕೊಂಡುಬಿಡೋಣ ಎಂದು ಕೇರಿಯವರೆಲ್ಲ ಕೋಲು, ತಬಲಾ ಹೊತ್ತು ನಿಂತಿದ್ದರು. ಅಂದು ಬಿದ್ದ ಕಣ್ಣೀರು ಜ್ವರದ್ದಲ್ಲ ಅಜ್ಜಯ್ಯ.

ಇಷ್ಟಾಗಿ ಆ ವಾರಂಟಿಯ ಹೂರಣವಾದರೂ ಏನು? ಮಾಡುವಾಗ ಕಂಪನಿ ಮಾಡಿದ ತಪ್ಪಿಗೆ ಮಾತ್ರ ಅದು ಹೊಣೆ. ಬಾಗಿಲಿಗೆ ಸಿಕ್ಕಿ ಮುರಿದರೆ ಇಲ್ಲ, ಉಪ್ಪುನೀರಿಗೆ ತುಕ್ಕು ಹಿಡಿದರೆ ಇಲ್ಲ, ಬಳಸಿ ಸವೆದರೆ ಇಲ್ಲ. ಹಾಗಾಗಿ ನಮ್ಮವರು ಬಳಸುವುದನ್ನೇ ಬಿಟ್ಟರು. ಕೋಲುಗಳು ಗೋಡೆಯಲ್ಲಿ ನೇತಾಡುತ್ತವೆ. ನನ್ನ ಹೆಸರಿನ ಕೋಲನ್ನು ನಾನು ಒಂದು ದಿನವೂ ನೀರಿಗೆ ಚಾಚಿಲ್ಲ.

ಇವತ್ತು ಮಧ್ಯಾಹ್ನ ನನ್ನ ತಮ್ಮನ ಮಗಳಿಗೆ ಹೆಸರಿಡುತ್ತಾರೆ. ಕೂಗಬೇಕಾದ ಸೋದರತ್ತೆ ನಾನೇ, ಬಿಲ್ಲೆ ಕಟ್ಟಬೇಕಾದವಳೂ ನಾನೇ. ಜಗಲಿಯಲ್ಲಿ ಆಗಲೇ ಸಾಮಾನು ತುಂಬಿದೆ. ಅದನ್ನು ನೋಡಿದಾಗಿನಿಂದ ನನ್ನ ಕಾಲು ನಿಲ್ಲುತ್ತಿಲ್ಲ. ಆಗುವುದಿಲ್ಲ ಎನ್ನಬೇಕು, ಆದರೆ ಬಾಳಿನಲ್ಲಿ ಒಮ್ಮೆಯೂ ಅಳಿವೆಯ ಕಲ್ಲುದಂಡೆ ಹತ್ತದವಳ ಮಾತನ್ನು ಯಾರು ಕೇಳುತ್ತಾರೆ? ನೀರು ಇಳಿದಿದೆ. ಗೋಡೆಯಿಂದ ಕೋಲು ಇಳಿಸಿದ್ದೇನೆ. ಉಳಿದದ್ದನ್ನು ಬಂದು ಬರೆಯುತ್ತೇನೆ.

ಸಂಜೆ

ಬಂದೆ. ಕಲ್ಲುದಂಡೆಯ ತುದಿಯವರೆಗೂ ಹೋಗಿ ಗಾಳ ಎಸೆದೆ. ಎಸೆಯಲು ಬಾರದೆ ಮೊದಲು ಸೆರಗಿಗೇ ಸಿಕ್ಕಿಸಿಕೊಂಡೆ. ಕೊನೆಗೆ ಏನೋ ಕಚ್ಚಿತು, ಕೋಲು ಬಿಲ್ಲಾಯಿತು, ಎದೆ ಡವಡವ ಬಡಿಯಿತು, ಕೈಯ ಬಿಲ್ಲೆ ಬಾಯಿ ಬಡಿದುಕೊಂಡಿತು. ಕೇರಿಯ ಗಂಟೆಗಳೆಲ್ಲ ಒಟ್ಟಿಗೆ ಹೊಡೆದವು. ಹಬ್ಬದ ಸೀರೆಯಲ್ಲೇ ಜನ ಓಡಿ ಬಂದರು. "ಇಳಿ ಹೆಣೆ ಕೆಳ್ಗೆ! ನಮ್ಮನ್ ಮುಳ್ಗಿಸ್ಬೇಡ!" ಎಂದು ಪದ್ದಕ್ಕ ಚೀರಿದಳು. ಅವಳ ಹಿಂದೆಯೇ ನನ್ನ ಅಬ್ಬಿ ಬಂದಳು. ನನ್ನನ್ನು ಹೆತ್ತು, ಹೊಸ್ತಿಲು ದಾಟಲು ಬಿಡದೆ ಸಾಕಿದ ಅಬ್ಬಿ ಅರೆಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಗಂಟಲು ಹರಿಯುವಂತೆ ಕೂಗಿದಳು: "ಕೋಲ್ ಗಟ್ಟಿ ಹಿಡಿ ಮಗಾ! ಮೀನ್ ಬಿಡ್ಬೇಡ!"

ಬಿಡಲಿಲ್ಲ. ಕೆಂಬೇರಿ ಮೀನು, ಮೊಳದುದ್ದ. ಎಳೆಯುವಾಗ ಕೋಲಿನ ತುದಿ ಲಟಕ್ಕನೆ ಮುರಿಯಿತು. ಕಂಪನಿಗೆ ಹೇಳುತ್ತೀಯಾ ಎಂದು ಪದ್ದಕ್ಕ ಅಭ್ಯಾಸಬಲದಿಂದ ಕೇಳಿದಳು. ಹೇಳುವುದಿಲ್ಲ ಎಂದೆ. ತಪ್ಪು ಕಂಪನಿಯದಲ್ಲ, ಮೀನು ದೊಡ್ಡದಿತ್ತು.

ಒದ್ದೆ ಕಾಲಿನಲ್ಲೇ ಹೋಗಿ ಕೂಸಿನ ಕಿವಿಯಲ್ಲಿ ಹೆಸರು ಕೂಗಿದೆ. ಬಿಲ್ಲೆ ಕಟ್ಟಲಿಲ್ಲ. ನನ್ನ ಹೆಸರಿನ ಸಾಮಾನಿಗೆ ನಾನಿರುವವರೆಗೆ ನಾನೇ ಹೊಣೆ, ಆದರೆ ಭಾನುವಾರಗಳಂದು ಕಲ್ಲುದಂಡೆಯ ಮೇಲಿರುತ್ತೇನೆ, ಈ ಕೂಸನ್ನು ಮಾತ್ರ ಬಿಟ್ಟುಬಿಡಿ ಎಂದೆ. ಹಲವರು ಊಟ ಮಾಡದೆ ಸಾಮಾನು ಹೊತ್ತು ಹೋದರು. ಅಬ್ಬಿ ಮೀನು ಹೆಚ್ಚಲು ಕೂತಳು.

ಇನ್ನು ನನ್ನ ಬೇಡಿಕೆ. ಅಂಗಡಿಯವನು ಈಗ ಹೆಸರು ಕೇಳುತ್ತಾನೆ. ವಾಮನ ಎಂದೇ ಹೇಳಿ. ಮನೆಗೆ ಹೋಗಿ ಮಗಳನ್ನು ಎತ್ತಿಕೊಳ್ಳಿ, ಅವಳ ಕೈ ಬಲಿತ ಮೇಲೆ ಕೋಲನ್ನು ಅವಳಿಗೆ ಕೊಡಿ, ಮುರಿದರೆ ಬೈಯಬೇಡಿ. ನಮ್ಮ ಕೂಸಿಗೂ ರೋಚನಾ ಎಂದೇ ಹೆಸರಿಟ್ಟಿದ್ದೇನೆ.

ನಿಮ್ಮ
ನೀಲವೇಣಿ