ಕೆಂಪಾದ ಚೌಕ

ಅಂಬತ್ತೂರು
೧೪ ಜೂನ್ ೨೦೨೫

ಪ್ರೀತಿಯ ಲಕ್ಷ್ಮೀ,

ಇದನ್ನು ನಿನ್ನ ಫೋನಿನೊಳಗಿನ ಆ ಹೆಂಗಸು ಪಟಪಟ ಓದಿ ಒಪ್ಪಿಸುತ್ತಾಳೆ. ಅವಳಿಗೆ ಅಳಲು ಬರುವುದಿಲ್ಲ. ನಾನು ಅಳುತ್ತಲೇ ಬರೆದೆ ಎಂದುಕೊಂಡು ಕೇಳು.

ಅಣ್ಣಾ ನಗರದ ಶಾಲೆಯ ಸಂಗೀತ ಟೀಚರ್ ಕೆಲಸಕ್ಕೆ ಅರ್ಜಿ ಹಾಕಲು ಗುರುವಾರ ಇಡೀ ದಿನ ಫೋನ್ ಹಿಡಿದು ಕೂತಿದ್ದೆ, ಆಗಲಿಲ್ಲ, ಕೊನೆಯ ದಿನವೂ ಮುಗಿದುಹೋಯಿತು ಎಂದು ನಿನ್ನೆ ನೀನು ಹೇಳಿದೆ. ಕಣ್ಣು ಕಾಣದಿದ್ದರೂ ಇಂಥದ್ದನ್ನೆಲ್ಲ ಯಾರ ಹಂಗೂ ಇಲ್ಲದೆ ತುಂಬುವವಳು ನೀನು. "ನನ್ ಕೈಯೇ ಸರಿಯಿಲ್ಲ ಕಣೇ, ಪೋಟ್ಟುಂ ವಿಡು" ಎಂದು, ಹೋಗಲಿ ಬಿಡು ಎಂಬುದನ್ನು ತಮಿಳಿನಲ್ಲಿ ಹೇಳಿ ನನಗೇ ಸಮಾಧಾನ ಮಾಡಿದೆ. ನಾನು ಹೂಂ ಎಂದು ಕೇಳಿಸಿಕೊಂಡೆ. ಶಾಲೆಗೆ ಆ ಆನ್‌ಲೈನ್ ಅರ್ಜಿಯ ನಮೂನೆಯನ್ನು ನಮ್ಮ ಕಂಪನಿಯಿಂದ ತಯಾರಿಸಿ ಕೊಟ್ಟವಳು ನಾನೇ ಎನ್ನಲು ಬಾಯಿ ಬರಲಿಲ್ಲ.

ನಿನ್ನ ಕೈ ಸರಿಯಾಗಿಯೇ ಇದೆ. ಆಮೇಲೆ ತೆರೆದು ನೋಡಿದೆ. ಹುಟ್ಟಿದ ತಾರೀಖನ್ನು ಸ್ವಲ್ಪ ಬೇರೆ ರೀತಿ ಬರೆದರೂ ಅದರ ಚೌಕ ಕೆಂಪಾಗುತ್ತದೆ, ಅಷ್ಟೇ. ಏನು ತಪ್ಪಾಯಿತೆಂದು ಒಂದು ಮಾತೂ ಇಲ್ಲ. ಕೆಂಪಾಗಿದ್ದು ನಿನಗೆ ಕೇಳುವುದಾದರೂ ಹೇಗೆ? ನೀನು ಮತ್ತೆ ಮತ್ತೆ 'ಕಳುಹಿಸಿ' ಒತ್ತಿದ್ದೀಯೆ, ಅದು ಕಲ್ಲಿನ ಹಾಗೆ ಕೂತಿದೆ.

ಕಣ್ಣಿಲ್ಲದವರಿಗೂ ಆಗಬೇಕೆಂದು ನಾನೇ ಕಣ್ಣು ಮುಚ್ಚಿಕೊಂಡು, ಫೋನಿನ ದನಿ ಕೇಳುತ್ತ ತುಂಬಿ ನೋಡಿದ್ದೆ ಮಹಾರಾಯ್ತಿ. ಸಲೀಸಾಗಿ ಹೋಯಿತು. ಹೋಗದೆ ಇನ್ನೇನು? ಎಲ್ಲಿ ಏನು ಬರೆಯಬೇಕೆಂದು ಬಲ್ಲವಳು ತಪ್ಪೇ ಮಾಡಲಿಲ್ಲ, ಯಾವ ಚೌಕವೂ ಕೆಂಪಾಗಲಿಲ್ಲ. ತ್ರಿಪ್ಲಿಕೇನಿನ ನಿನ್ನ ಮನೆಗೆ ಬಂದು ನಿನ್ನ ಕೈಗೆ ಕೊಟ್ಟಿದ್ದರೆ ಕಾಫಿ ಆರುವುದರೊಳಗೆ ಗೊತ್ತಾಗುತ್ತಿತ್ತು. ಬರಲಿಲ್ಲ. ಸೋಮಾರಿತನ, ಜೊತೆಗೆ ನನಗೆಲ್ಲ ಗೊತ್ತು ಎಂಬ ಜಂಬ.

ಈಗ ಸರಿಪಡಿಸಿದ್ದೇನೆ. ತಪ್ಪಾದರೆ ಬಾಯಿಬಿಟ್ಟು ಹೇಳುತ್ತದೆ. ಅರ್ಜಿಯಲ್ಲೇ ದೋಷವಿತ್ತು, ಇನ್ನೆರಡು ದಿನ ಕೊಡಿ ಎಂದು ಶಾಲೆಯವರನ್ನು ಕೇಳುವಂತೆ ನಮ್ಮ ಮ್ಯಾನೇಜರ್ ಪದ್ಮನಾಭ ಅವರಿಗೆ ಹೇಳಿದ್ದೇನೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ನಿನ್ನ ಮುಂದೆ ತಲೆಯೆತ್ತಲಾರದ
ಹರಿಪ್ರಿಯಾ

ತಾ.ಕ.: ಅವರು ಏಕೆ ನಂಬಲಿಲ್ಲ ಎಂದು ಮೇಲೆ ಬರೆಯಲಾಗಲಿಲ್ಲ. ನನ್ನ ಸ್ನೇಹಿತೆ ಲಕ್ಷ್ಮೀಗೆ ಕಣ್ಣು ಕಾಣುವುದಿಲ್ಲ, ಅವಳೇ ತುಂಬಿ ನೋಡಿ ಸರಿಯಿದೆ ಎಂದಿದ್ದಾಳೆ ಎಂದು ಅರ್ಜಿ ತಯಾರಾದಾಗ ಅವರಿಗೆ ಸುಳ್ಳು ಹೇಳಿದ್ದೆ. ಸೋಮವಾರ ನಿನಗೇ ಫೋನ್ ಮಾಡಿ ಕೇಳುತ್ತಾರೆ. ಹೌದು ಎಂದರೆ ಅರ್ಜಿಯಲ್ಲಿ ದೋಷವೇ ಇರಲಿಲ್ಲ ಎಂದಾಗಿ ನನ್ನ ಕೆಲಸ ಉಳಿಯುತ್ತದೆ, ಆ ಎರಡು ದಿನ ಸಿಗದೆ ನಿನಗೆ ಸಿಗಬಹುದಾದದ್ದು ಹೋಗುತ್ತದೆ. ನನ್ನ ಮೇಲಿನ ಪ್ರೀತಿಗೆ ಹೌದು ಎಂದುಬಿಡಬೇಡ ಕಣೇ.