ಇನ್ನೂರ ಹನ್ನೆರಡನೇ ಹಾಳೆ ಬರೆದವರಿಗೆ

ಕೇಳುಮನೆ, ಮೂರನೇ ಒಂಟಿ ಕೋಣೆ, ಹುಬ್ಬಳ್ಳಿ
ಚೈತ್ರದ ನಲವತ್ತೊಂದನೇ ದಿನ, ೨೨೩೮

ಗೌರವಾನ್ವಿತ ಇನ್ನೂರ ಹನ್ನೆರಡನೆಯವರೆ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಆಷಾಢದಲ್ಲಿ ಯಾರೂ ಹೊಸ ಕೆಲಸಕ್ಕೆ ಕೈಹಾಕುವುದಿಲ್ಲ ಎಂದು ಕಚೇರಿಗಳಿಂದ ತಕರಾರು ಬಂದು ಬಂದು, ನಮ್ಮ ಅಜ್ಜಂದಿರ ಕಾಲದಲ್ಲಿ ಆಷಾಢವನ್ನೇ ಪಂಚಾಂಗದಿಂದ ಕಿತ್ತುಹಾಕಿದರು. ಅದರ ದಿನಗಳನ್ನು ಉಳಿದ ತಿಂಗಳುಗಳಿಗೆ ಹಂಚುವಾಗ ಚೈತ್ರದ ಪಾಲಿಗೆ ಹೆಚ್ಚು ಬಿತ್ತು. ಹೊಸದಾಗಿ ಮದುವೆಯಾದವರಿಗೆ ಅನುಕೂಲವಾಯಿತು ಎನ್ನುತ್ತಾರೆ. ನನಗಂತೂ ಏನೂ ವ್ಯತ್ಯಾಸವಾಗಲಿಲ್ಲ. ನಾನು ಬಳಸುವ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ದೂರುಗಳ ಕಡತದಿಂದ. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಸಿಡುಕು ಇದ್ದರೆ ಅದು ನಿಮ್ಮವರದ್ದೇ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಿಮ್ಮ ಸಂಸ್ಥೆಯ ಹೆಸರನ್ನೂ ಹಾಳೆಯಿಂದ ಅಳಿಸಿದ್ದಾರೆ. ಗೊತ್ತಿರುವುದಿಷ್ಟು: ನೀವು ಹೆಂಗಸು, ವಯಸ್ಸು ಮೂವತ್ತನಾಲ್ಕು, ಇದೇ ಊರಿನಲ್ಲಿ ಫೋನಿನ ಮುಂದೆ ಕೂತು ಜನರ ದೂರು ಬರೆದುಕೊಳ್ಳುವ ಕೆಲಸ. ನನಗೆ ಐವತ್ತೇಳು. ವಯಸ್ಸು ನೋಡಿದರೆ ನೀವು ನನಗೆ ತಂಗಿ, ಹುಟ್ಟಿದ ವರ್ಷ ನೋಡಿದರೆ ಅಜ್ಜಿಯ ಅಜ್ಜಿಗೂ ಅಜ್ಜಿ. ಎರಡಕ್ಕೂ ಮನಸ್ಸು ಒಪ್ಪದೆ, ಅಕ್ಕಾ ಎಂದು ಕರೆಯುತ್ತೇನೆ. ಸಿಟ್ಟಾಗಬೇಡಿ.

ನನ್ನ ಹೆಸರು ಶಾಂಭವಿ ಹೊಂಬಳ. ನನ್ನದೂ ನಿಮ್ಮದೇ ಕೆಲಸ. ಮುಕ್ಕಾಲು ಪಾಲು ದೂರುಗಳನ್ನು ಯಂತ್ರಗಳೇ ಮುಗಿಸುತ್ತವೆ. ಯಂತ್ರದೊಡನೆ ಮಾತಾಡಲು ಒಲ್ಲದವರು, ಅಳುವವರು, ಬೈಯುವವರು, ಏನು ದೂರು ಎಂದು ತಮಗೇ ತಿಳಿಯದವರು ನಮ್ಮ ಪಾಲಿಗೆ. ನಾವು ಕೂರುವ ಜಾಗಕ್ಕೆ ಕೇಳುಮನೆ ಎಂದೂ ನಮಗೆ ಕೇಳುಗರು ಎಂದೂ ಹೆಸರು. ಇಲ್ಲಿ ಇಪ್ಪತ್ತಾರು ಜನ ಕೇಳುಗರಿದ್ದೇವೆ. ಬಂದ ಕರೆ ಯಾರ ಕಿವಿಗೆ ಹೋಗುತ್ತದೆ ಎಂಬುದು ಅವರವರ ಅದೃಷ್ಟ; ಅದೇ ದಿನ ಮತ್ತೆ ಕರೆ ಮಾಡಿದರೆ ಮಾತ್ರ ಅದೇ ಕಿವಿಗೆ.

ನಮ್ಮ ಕಾಲವನ್ನು ನಾನು ಹಳಿಯುವುದಿಲ್ಲ. ನಿಮ್ಮ ಕಡತಗಳನ್ನು ಓದಿದ್ದೇನೆ. ಒಂಬತ್ತು ತಾಸು ಕೂತು, ಮೂತ್ರಕ್ಕೆ ಹೋಗಲೂ ಮೇಲಿನವರ ಅಪ್ಪಣೆ ಕೇಳುತ್ತಿದ್ದಿರಿ ಎಂದು ಓದಿ ನಾಚಿಕೆಯಾಯಿತು. ಇಲ್ಲಿ ಕೆಲಸ ನಾಲ್ಕು ತಾಸು ಮಾತ್ರ. ಒಂದು ಅಳು ಕೇಳಿದರೆ ಹನ್ನೆರಡು ನಿಮಿಷ ಬಿಡುವು, ಒಂದು ಬೈಗುಳಕ್ಕೆ ಎಂಟು. ಅಳುತ್ತಾ ಬೈದರೆ ಎರಡೂ ಕೂಡಿ ಇಪ್ಪತ್ತು. ನನ್ನ ಕುರ್ಚಿಗೆ ನನ್ನ ಬೆನ್ನಿನ ಗುರುತಿದೆ, ನಾನು ಬಾಗಿದರೆ ಅದೂ ಬಾಗುತ್ತದೆ. ಮೇಜಿನ ಮೇಲೆ ಒಬ್ಬೊಬ್ಬರಿಗೆ ಒಂದು ದೊಡ್ಡಪತ್ರೆ ಗಿಡ. ಗೋಡೆಯ ಮೇಲೆ ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ದೊಡ್ಡದಾಗಿ ಬರೆಸಿದ್ದಾರೆ. ದನಿ ಎತ್ತಿ ಮಾತಾಡುವ ಮೇಲಧಿಕಾರಿಯನ್ನು ನಾನು ಜನ್ಮದಲ್ಲಿ ಕಂಡಿಲ್ಲ.

ಇದಕ್ಕೆಲ್ಲ ಮೂಲ ನಮ್ಮ ಕೊರಳಪಟ್ಟಿಯ ಮೇಲಿರುವ ಬಿಲ್ಲೆ. ಎಂಟಾಣೆಯಷ್ಟು ಅಗಲ ಎಂದು ಹಳೆಯ ಪುಸ್ತಕದಲ್ಲಿದೆ. ಎಂಟಾಣೆ ಎಷ್ಟಿತ್ತೆಂದು ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿರಬೇಕು. ಅದು ನಾಡಿ, ಉಸಿರು, ಬೆವರು ನೋಡಿ ಮೈಯ ಮೇಲೆ ಕೆಲಸದ ಭಾರ ಎಷ್ಟು ಎಂದು ಹೇಳುತ್ತದೆ. ಹಸಿರಿದ್ದರೆ ನೆಮ್ಮದಿ. ಹಳದಿಯಾದರೆ ಕರೆಗಳು ತಾವಾಗಿಯೇ ಕಡಿಮೆಯಾಗುತ್ತವೆ. ಕೆಂಪಾದರೆ ಒಂದು ತಿಂಗಳು ರಜೆ. ಯಾರೂ ಅರ್ಜಿ ಹಿಡಿದು ಯಾರ ಮುಂದೂ ನಿಲ್ಲಬೇಕಿಲ್ಲ.

ಬಿಲ್ಲೆಯ ಜೊತೆಗೆ ಒಂದು ಕಾಯಿದೆಯೂ ಬಂತು. ಜೊತೆಯವರನ್ನು ‘ಯಾಕೆ ಸಪ್ಪಗಿದ್ದೀರಿ, ಏನಾಯಿತು’ ಎಂದು ಮನುಷ್ಯರು ಕೇಳಬಾರದು. ಅದಕ್ಕೆ ಕೆದಕು ಎನ್ನುತ್ತಾರೆ. ಹಿಂದೆ ಮೇಲಿನವರು ಹಾಗೆ ಕೇಳಿ ಕೇಳಿ, ಕೇಳಿದ್ದನ್ನು ಬಡ್ತಿಯ ಹೊತ್ತಿಗೆ ಹೊರತೆಗೆಯುತ್ತಿದ್ದರಂತೆ. ಅದನ್ನು ತಪ್ಪಿಸಲು ಕೇಳುವುದನ್ನೇ ನಿಲ್ಲಿಸಿದರು. ನೆಗಡಿ ಬಂತೆಂದು ಮೂಗು ಕೊಯ್ದಂತೆ. ನಿಮ್ಮ ಕಾಲದಲ್ಲಿ ಈ ಊರಿನ ಜನ ಎದುರಾದಾಗಲೆಲ್ಲ ‘ಆರಾಮ ಅದೀರೇನ್ರಿ?’ ಎನ್ನುತ್ತಿದ್ದರು ಎಂದು ಕಡತದಲ್ಲಿ ಓದಿದೆ. ಈಗ ಜೊತೆಯವರ ನಡುವೆ, ಕಚೇರಿಯ ಒಳಗಾಗಲಿ ಹೊರಗಾಗಲಿ, ಆ ಮಾತು ಅಪರಾಧ. ನಾವು ಬೆರಳಿನಿಂದ ಬಿಲ್ಲೆ ಮುಟ್ಟಿ, ‘ಹಸಿರಿರಲಿ’ ಎಂದು ಮುಂದೆ ಹೋಗುತ್ತೇವೆ. ದೂರು ಕೊಡುವ ಸಾರ್ವಜನಿಕರನ್ನು ಮಾತ್ರ ನಾವು ಏನು ಬೇಕಾದರೂ ಕೇಳಬಹುದು. ಅವರು ಹೇಳಿದ್ದು ನಮ್ಮ ಕಿವಿ ದಾಟಿ ಎಲ್ಲಿಗೂ ಹೋಗುವುದಿಲ್ಲ; ಆ ಮಾತನ್ನು ಇನ್ನೊಬ್ಬರು ಆಲಿಸುವುದು ಕಾನೂನಿನಲ್ಲಿ ದೊಡ್ಡ ತಪ್ಪು.

ನನ್ನ ಪಕ್ಕದ ಕುರ್ಚಿ ಫಕ್ಕೀರಪ್ಪ ತಡಸದ ಅವರದ್ದು. ಹತ್ತೊಂಬತ್ತು ವರ್ಷ ಮೊಳಕೈಗೆ ಮೊಳಕೈ ತಾಗುವಷ್ಟು ಹತ್ತಿರ ಕೂತೆವು. ನನಗೆ ಮನೆಯಲ್ಲಿ ಯಾರೂ ಇಲ್ಲ, ಅದನ್ನು ಮುಚ್ಚಿಡುವುದೇನಿದೆ. ದಿನಕ್ಕೆ ನಾಲ್ಕು ತಾಸು ಆ ಮನುಷ್ಯ ಪಕ್ಕದಲ್ಲಿ ಉಸಿರಾಡುವುದೇ ನನಗಿದ್ದ ಸಂಸಾರ. ಅವರು ಮಧ್ಯಾಹ್ನ ಡಬ್ಬಿ ಬಿಚ್ಚಿ ಖಡಕ್ ರೊಟ್ಟಿಯನ್ನು ಮುರಿದರೆ ಇಡೀ ಸಾಲಿಗೆ ಕೇಳಿಸುತ್ತಿತ್ತು. ಶೇಂಗಾ ಚಟ್ನಿಯ ಘಮಕ್ಕೆ ನನ್ನ ಬಾಯಲ್ಲಿ ನೀರು. ಒಂದು ತುಂಡು ನನ್ನ ಕಡೆ ಸರಿಸುತ್ತಿದ್ದರು, ಮಾತಿಲ್ಲದೆ. ಕೊಡುವುದಕ್ಕೆ ಕಾಯಿದೆಯಲ್ಲಿ ಅಡ್ಡಿಯಿಲ್ಲ.

ಕಳೆದ ಮಾಘದಲ್ಲಿ ಆ ಸದ್ದು ನಿಂತಿತು. ಅವರು ಡಬ್ಬಿ ತರುತ್ತಿದ್ದರು, ಬಿಚ್ಚದೆ ಒಯ್ಯುತ್ತಿದ್ದರು. ಒಂದು ವಾರ ಹೊಟ್ಟೆ ಸರಿಯಿಲ್ಲವೇನೋ ಅಂದುಕೊಂಡೆ. ಐದು ವಾರವಾಯಿತು. ಕೊರಳು ಸಣ್ಣದಾಗಿ ಅಂಗಿಯ ಪಟ್ಟಿ ಜೋತುಬಿತ್ತು, ಆ ಜೋತುಬಿದ್ದ ಪಟ್ಟಿಯ ಮೇಲೆ ಬಿಲ್ಲೆ ಮಾತ್ರ ಗರಿಕೆಯಷ್ಟು ಹಸಿರು. ನಾನು ಮೇಲಿನವರಿಗೆ ತಿಳಿಸಿದೆ. ಪರದೆ ನೋಡಿ, ‘ಹಸಿರೈತಲ್ರಿ’ ಎಂದರು. ಊಟ ಬಲ್ಲವನ ಗಾದೆ ಗೋಡೆಯ ಮೇಲಿತ್ತು. ಊಟ ಬಿಟ್ಟವನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಹಸಿರು ಎಂದರೆ ಏನು, ಇಷ್ಟು ನಾಡಿಗೆ ನೆಮ್ಮದಿ ಎಂದು ಮೊದಲು ನಿರ್ಧರಿಸಿದವರು ಯಾರು ಎಂದು ನನಗೆ ಅನುಮಾನ ಹತ್ತಿತು. ಬಿಡುವಿನ ನಿಮಿಷಗಳನ್ನೆಲ್ಲ ಕೂಡಿಹಾಕಿ ಹಳೆಯ ಕಡತದ ಕೋಣೆಗೆ ಹೋಗತೊಡಗಿದೆ. ಬೈಗುಳ ಹೆಚ್ಚು ಬಂದ ದಿನ ಹೆಚ್ಚು ಓದಿದೆ. ಅಲ್ಲಿ ನೀವು ಸಿಕ್ಕಿದಿರಿ, ಅಕ್ಕಾ.

ನಿಮ್ಮ ಕಚೇರಿಯಲ್ಲಿ ಒಮ್ಮೆ ಮುನ್ನೂರು ಜನರಿಗೆ ಒಂದು ವಾರ ಕೈಗಡಿಯಾರದಂಥ ಪಟ್ಟಿ ಕಟ್ಟಿ, ಕೊನೆಯ ದಿನ ಒಂದು ಹಾಳೆ ತುಂಬಿಸಿದರು. ‘ಕೆಲಸದ ಒತ್ತಡದಿಂದ ನಿಮಗೆ ತೊಂದರೆ ಇದೆಯೇ?’ ಎಂಬುದು ಮೊದಲ ಪ್ರಶ್ನೆ. ಮುನ್ನೂರರಲ್ಲಿ ಇನ್ನೂರ ತೊಂಬತ್ತೊಂದು ಜನ ‘ಇಲ್ಲ, ಆರಾಮ ಇದ್ದೇನೆ’ ಎಂಬ ಚೌಕಕ್ಕೆ ಗುರುತು ಹಾಕಿದ್ದೀರಿ. ಹಾಳೆ ಮೇಲಿನವರ ಕೈಗೆ ಹೋಗುತ್ತದೆ ಎಂದು ನಿಮಗೆಲ್ಲ ಗೊತ್ತಿತ್ತಲ್ಲ. ಆ ಗುರುತು ಹಾಕುವಾಗ ನಿಮ್ಮ ನಾಡಿ ನಿಮಿಷಕ್ಕೆ ನೂರ ಹದಿನಾಲ್ಕು. ಆ ವಾರ ಯಾವ ರಾತ್ರಿಯೂ ನೀವು ನಾಲ್ಕು ತಾಸಿಗಿಂತ ಹೆಚ್ಚು ಮಲಗಿಲ್ಲ. ಮುಂದೆ ಬಿಲ್ಲೆ ಮಾಡಿದವರು ಆ ಹಾಳೆಗಳನ್ನು ನಂಬಿದರು. ಆರಾಮ ಇದ್ದೇನೆ ಎಂದವರ ಮೈ ಹೇಗಿತ್ತೋ ಅದನ್ನೇ ಹಸಿರು ಎಂದು ಯಂತ್ರಕ್ಕೆ ಕಲಿಸಿದರು. ಎರಡು ನೂರು ವರ್ಷಗಳಿಂದ ನಾವು ನಿಮ್ಮ ಹೆದರಿಕೆಯನ್ನು ನೆಮ್ಮದಿಯೆಂದು ಕೊರಳಿಗೆ ಕಟ್ಟಿಕೊಂಡು ತಿರುಗುತ್ತಿದ್ದೇವೆ.

ನಿಮ್ಮೊಬ್ಬರ ಹಾಳೆಯ ಮೇಲೇ ಯಾಕೆ ಕಣ್ಣು ನಿಂತಿತು ಎಂದರೆ, ಕೊನೆಯಲ್ಲಿ ‘ಬೇರೆ ಏನಾದರೂ ಹೇಳುವುದಿದ್ದರೆ’ ಎಂಬ ಖಾಲಿ ಜಾಗವಿದೆ. ಉಳಿದವರೆಲ್ಲ ಅದನ್ನು ಹಾಗೇ ಬಿಟ್ಟಿದ್ದಾರೆ. ನೀವು ‘ನಮಗೆ ಸ್ವಲ್ಪ’ ಎಂದು ಬರೆದು, ಹೊಡೆದುಹಾಕಿದ್ದೀರಿ. ಸ್ವಲ್ಪ ಏನು ಬೇಕಿತ್ತು ಅಕ್ಕಾ? ನೀರೇ, ನಿದ್ದೆಯೇ, ಬಿಡುವೇ, ಒಂದು ಒಳ್ಳೆಯ ಮಾತೇ? ನಾನು ಎಷ್ಟೋ ದಿನ ಆ ವಾಕ್ಯವನ್ನು ಮುಗಿಸಲು ನೋಡಿದೆ. ಯಾವ ಪದ ಇಟ್ಟರೂ ಸರಿಹೋಗುತ್ತಿತ್ತು, ಅದೇ ನನಗೆ ದುಃಖವಾದದ್ದು.

ಇದನ್ನೆಲ್ಲ ಒಯ್ದು ಬಿಲ್ಲೆಯ ಅಧಿಕಾರಿಯ ಮುಂದಿಟ್ಟೆ. ಒಳ್ಳೆಯ ಮನುಷ್ಯ, ಪೂರ್ತಿ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು, ‘ನೀವು ಹೇಳೂದು ಖರೇ ಇರಬಹುದ್ರೀ ಬಾಯಾರ. ಆದ್ರ ಹಸಿರ್ನ ತಿದ್ದಿದ್ರ ನಾಳೆ ಎಲ್ಲಾರೂ ಹಳದಿ ಆಗ್ತಾರ. ಕೇಳುಮನಿ ನಡಸೋರು ಯಾರು?’ ಎಂದರು. ಅವರ ಬಿಲ್ಲೆಯೂ ಹಸಿರಾಗಿತ್ತು. ಒರೆಸಿದ ಕನ್ನಡಕವನ್ನೇ ಮತ್ತೆ ಮತ್ತೆ ಒರೆಸತೊಡಗಿದರು.

ಇನ್ನು ಉಳಿದದ್ದು ಒಂದೇ ದಾರಿ. ಕೆದಕಿದರೆ ಏನು ಶಿಕ್ಷೆ ಎಂದು ನನಗೆ ಗೊತ್ತಿತ್ತು: ಒಂದು ವರ್ಷ ಒಂಟಿ ಕೋಣೆ. ಅಲ್ಲಿಯೂ ಅದೇ ಕೆಲಸ, ಅದೇ ಕುರ್ಚಿ, ಅದೇ ದೊಡ್ಡಪತ್ರೆ. ಪಕ್ಕದಲ್ಲಿ ಯಾರೂ ಇರುವುದಿಲ್ಲ, ಬರುವ ಹೋಗುವ ಹೊತ್ತೂ ಬೇರೆ. ಬೇರೆಯವರಿಗೆ ಅದು ಶಿಕ್ಷೆಯೇ ಅಲ್ಲ, ಕೆಲವರು ಬೇಕೆಂದೇ ಕೇಳಿ ಪಡೆಯುತ್ತಾರೆ. ನನಗೆ ಹಾಗಲ್ಲ. ಕೇಳಿದರೆ ಅವರ ಪಕ್ಕದ ಜಾಗ ಹೋಗುತ್ತದೆ. ಕೇಳದಿದ್ದರೆ ಅವರೇ ಹೋಗಬಹುದು. ಮೂರು ದಿನ ಹಿಂದೆಮುಂದೆ ನೋಡಿದೆ. ನಾಲ್ಕನೆಯ ದಿನ ಅವರು ಬಿಚ್ಚದ ಡಬ್ಬಿಯನ್ನು ಚೀಲಕ್ಕೆ ಹಾಕುವಾಗ ನನ್ನ ಬಾಯಿಂದ ಬಂದೇಬಿಟ್ಟಿತು, ನಾಲಿಗೆಗೆ ರೂಢಿಯಿಲ್ಲದ ಆ ಹಳೆಯ ಮಾತು.

‘ಫಕ್ಕೀರಪ್ಪನವರ, ಆರಾಮ ಅದೀರೇನ್ರಿ?’

ಇಡೀ ಸಾಲು ತಿರುಗಿ ನೋಡಿತು. ಅವರು ನನ್ನ ಮುಖ ನೋಡಲಿಲ್ಲ. ಚೀಲದ ಗುಂಡಿ ಹಾಕುತ್ತಾ, ‘ಆರಾಮ ಅದೀನ್ರಿ’ ಎಂದರು. ಅಷ್ಟೇ.

ಮರುದಿನದಿಂದ ನಾನು ಇಲ್ಲಿದ್ದೇನೆ. ಆ ಎರಡು ಶಬ್ದಕ್ಕಾಗಿ ಹತ್ತೊಂಬತ್ತು ವರ್ಷದ ಜಾಗ ಬಿಟ್ಟುಕೊಟ್ಟೆನಲ್ಲ ಎಂದು ಮೊದಲ ವಾರ ನನಗೆ ನನ್ನ ಮೇಲೆಯೇ ಸಿಟ್ಟು. ಅವರ ಮೇಲೂ ಸಿಟ್ಟು. ನಿಮ್ಮ ಮೇಲೆ ಎಲ್ಲಕ್ಕಿಂತ ಹೆಚ್ಚು, ಸುಳ್ಳು ಹೇಳುವುದಿಲ್ಲ. ಈ ಕೋಣೆಯಲ್ಲಿ ಕರೆ ಇಲ್ಲದಾಗ ನನ್ನ ಕುರ್ಚಿ ಬಾಗುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಗಿಡಕ್ಕೆ ನೀರು ಹಾಕುವಾಗ ಅದರೊಡನೆ ಎರಡು ಮಾತಾಡುತ್ತೇನೆ. ನನ್ನ ಬಿಲ್ಲೆ ಹಸಿರಾಗಿದೆ.

ಇಪ್ಪತ್ತಮೂರನೇ ದಿನ ಸಂಜೆ ಒಂದು ಕರೆ ಬಂತು. ಎತ್ತಿ, ರೂಢಿಯಂತೆ ನನ್ನ ಸಂಖ್ಯೆ ಹೇಳಿದೆ. ಆ ಕಡೆಯಿಂದ ಉಸಿರು ಮಾತ್ರ. ಹತ್ತೊಂಬತ್ತು ವರ್ಷ ಪಕ್ಕದಲ್ಲಿ ಕೇಳಿದ ಉಸಿರನ್ನು ಮರೆಯುವುದು ಸಾಧ್ಯವೇ?

‘ಸಿಕ್ರ್ಯಲ್ರೀ ಬಾಯಾರ’ ಎಂದರು ಫಕ್ಕೀರಪ್ಪನವರು. ಮನೆಗೆ ಹೋದ ಮೇಲೆ ದಿನಾ ಸಂಜೆ ಸಾರ್ವಜನಿಕರಂತೆ ಕರೆ ಮಾಡುತ್ತಿದ್ದರಂತೆ. ಬೇರೆಯವರ ದನಿ ಬಂದರೆ ಇಟ್ಟುಬಿಡುತ್ತಿದ್ದರಂತೆ. ‘ಅವತ್ತ ನೀವು ಕೇಳಿದ್ರಿ, ನಾ ಸುಳ್ಳ ಹೇಳಿದ್ನಿ. ಅದನ್ನ ಹೇಳಾಕ ಫೋನ್ ಮಾಡೀನ್ರಿ. ಆರಾಮ ಇಲ್ರಿ ನಾನು.’

ಆಮೇಲೆ ಹೇಳಿದರು. ಮಾಘದಲ್ಲಿ ಒಬ್ಬ ಮುದುಕಿ ಒಂದೇ ದಿನ ಮೂರು ಸಲ ಕರೆ ಮಾಡಿ ತನ್ನ ಕಟ್ಟಡದ ಲಿಫ್ಟ್ ಕೆಟ್ಟಿದೆ ಎಂದಳಂತೆ. ಮೂರನೇ ಸಲ ಇವರಿಗೆ ಸಾಕಾಗಿತ್ತು. ನಿಮ್ಮ ದೂರು ದಾಖಲಾಗಿದೆ ಎಂದು ಇಟ್ಟುಬಿಟ್ಟರು. ಆಕೆಗೆ ಬೇಕಾದದ್ದು ಲಿಫ್ಟ್ ಅಲ್ಲ, ಮಾತು ಎಂದು ಇಟ್ಟ ಮೇಲೆ ಹೊಳೆಯಿತು. ಆಕೆಯ ಕರೆ ಮತ್ತೆ ಇವರಿಗೆ ಬರಲಿಲ್ಲ. ‘ಲಿಫ್ಟ್ ಸರಿ ಆತು ಅಂತ ಹೇಳಾಕರ ಮಾಡ್ತಾಳೇನೋ ಅಂತ ದಿನಾ ಕಾಯ್ತೀನ್ರಿ. ಡಬ್ಬಿ ಬಿಚ್ಚಿದ್ರ ಆಕಿ ದನಿ ನೆನಪಾಗ್ತೈತಿ. ತುತ್ತು ಇಳಿಯೂದಿಲ್ಲ.’ ಇಷ್ಟೇ ಸಂಗತಿ. ಬಿಲ್ಲೆಗೆ ಕಾಣದಷ್ಟು ಸಣ್ಣದು, ಮನುಷ್ಯನನ್ನು ಒಳಗಿಂದ ತಿನ್ನುವಷ್ಟು ದೊಡ್ಡದು. ನಾನು ಸಮಾಧಾನ ಹೇಳಲಿಲ್ಲ. ನನಗೂ ಅಂಥವು ನಾಲ್ಕಿವೆ, ಅವನ್ನು ಹೇಳಿದೆ. ಯಾರಿಗೂ ಹೇಳಿರಲಿಲ್ಲ.

ಒಂದು ತಾಸಾಗಿರಬೇಕು. ಆಗ ಅವರು, ‘ಹೇಳಕೊಂಡ ಮ್ಯಾಲ ಹಸಿವಾತು ನೋಡ್ರಿ’ ಎಂದರು. ಡಬ್ಬಿಯ ಮುಚ್ಚಳ ತೆಗೆದ ಸದ್ದು ಬಂತು. ಆಮೇಲೆ ಖಡಕ್ ರೊಟ್ಟಿ ಮುರಿದ ಸದ್ದು. ಅವರು ತಿಂದು ಮುಗಿಸುವವರೆಗೂ ನಾನು ಫೋನ್ ಇಡಲಿಲ್ಲ. ಕಣ್ಣೀರು ಗಿಡದ ಕುಂಡಕ್ಕೆ ಬೀಳುತ್ತಿತ್ತು, ಬೀಳಲಿ ಎಂದು ಬಿಟ್ಟೆ.

ಅದಾಗಿ ಹನ್ನೊಂದು ದಿನವಾಯಿತು. ಅವರು ಮತ್ತೆ ಸಿಕ್ಕಿಲ್ಲ. ಮಾಡುತ್ತಿರುತ್ತಾರೆ ಎಂದು ಗೊತ್ತು. ಇಪ್ಪತ್ತಾರು ಕಿವಿಗಳಲ್ಲಿ ನನ್ನದು ಒಂದು. ಅದಕ್ಕೇ ಈಗ ಯಾವ ಕರೆ ಬಂದರೂ ಸಂಖ್ಯೆ ಹೇಳುವ ಮೊದಲು ‘ಆರಾಮ ಅದೀರೇನ್ರಿ?’ ಎನ್ನುತ್ತೇನೆ. ಆ ಕಡೆಯವರು ಬೆಚ್ಚಿಬೀಳುತ್ತಾರೆ. ಆಮೇಲೆ ದೂರನ್ನು ಮರೆತು ಬೇರೆಯೇ ಮಾತು ಶುರು ಮಾಡುತ್ತಾರೆ. ಒಂಟಿ ಕೋಣೆಯ ದಿನಗಳು ಇನ್ನೂ ಬಹಳ ಉಳಿದಿವೆ.

ಹಿಂದಕ್ಕೆ ಹೋಗುವ ಅಂಚೆಯನ್ನು ನಮ್ಮವರು ಇನ್ನೂ ಕಂಡುಹಿಡಿದಿಲ್ಲ. ಈ ಕಾಗದವನ್ನು ನಿಮ್ಮ ಹಾಳೆಯ ಕೆಳಗೆ ಮಡಿಸಿಡುತ್ತೇನೆ, ತಲುಪದು ಎಂದು ಗೊತ್ತಿದ್ದೇ. ಆದರೂ ಒಂದು ಬೇಡಿಕೆ ಇದೆ. ಆ ಹಾಳೆ ನಿಮ್ಮ ಮೇಜಿಗೆ ಬಂದ ದಿನ ಮೊದಲ ಚೌಕಕ್ಕೆ ಏನು ಗುರುತು ಹಾಕುತ್ತೀರೋ ಹಾಕಿ. ನಿಮಗೂ ಮನೆ ಮಕ್ಕಳು ಇರಬಹುದು, ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಕೊನೆಯ ಜಾಗದಲ್ಲಿ ‘ನಮಗೆ ಸ್ವಲ್ಪ’ ಎಂದು ಬರೆದಾಗ ಹೊಡೆದುಹಾಕಬೇಡಿ. ಬರೆಯಲು ಕೈ ಬಾರದಿದ್ದರೆ ಪಕ್ಕದ ಕುರ್ಚಿಯವರ ಕಡೆ ತಿರುಗಿ ಬಾಯಲ್ಲಾದರೂ ಮುಗಿಸಿ. ಅವರು ಇನ್ನೂ ಅಲ್ಲೇ ಇದ್ದಾರೆ. ನಿಮ್ಮ ಊರಿನಲ್ಲಿ ಅದು ಇನ್ನೂ ಅಪರಾಧವಾಗಿಲ್ಲ.

ಫೋನ್ ಬರುತ್ತಿದೆ. ಎತ್ತಬೇಕು.

ನಿಮ್ಮ,
ಶಾಂಭವಿ ಹೊಂಬಳ